ಅಚ್ಚಿಗೆ ಹೋಗುವ ಮುನ್ನ

ಎಚ್.ಎಲ್. ನಾಗೇಗೌಡರು 1994ರಲ್ಲಿ ರಾಮನಗರದ ಹೆದ್ದಾರಿ ಬದಿಯಲ್ಲಿ ಜಾನಪದ ಲೋಕ ತೆರೆದರು. ಊರೂರು ಅಲೆದು ಹೆಂಗಸರ ಬಾಯಿಂದ ಹಾಡು ಕೂಡಿಹಾಕಿದ ಅವರ ಋಣ ದೊಡ್ಡದು. ಆ ಋಣ ಒಪ್ಪಿಕೊಂಡೇ ಒಂದು ಪ್ರಶ್ನೆ ಕೇಳಬೇಕಾಗಿದೆ: ರಾಗಿ ಬೀಸುತ್ತ ಹಾಡಿದವಳು ಅಚ್ಚಾದ ಪುಸ್ತಕದಲ್ಲಿ ಎಲ್ಲಿದ್ದಾಳೆ?

ಜನಪದ ಗೀತೆಗೆ ಕರ್ತೃವಿಲ್ಲ, ಅದು ಸಮುದಾಯದ ಸೊತ್ತು ಎಂಬ ಉತ್ತರ ಸಿದ್ಧವಾಗಿದೆ. ಅದು ಅರ್ಧ ನಿಜ. ಹಲವರು ಕಟ್ಟಿದ್ದನ್ನು ಯಾರೂ ಕಟ್ಟಿದ್ದಲ್ಲ ಎನ್ನಲಾಗದು. ಮಾಗಡಿ ಕಡೆಯ ಹೆಣ್ಣುಮಗಳೊಬ್ಬಳು ಸೋಬಾನೆಗೆ ಕೂತರೆ ಯಾವ ನುಡಿ ಮೊದಲು, ಯಾವುದು ಆಮೇಲೆ, ಅತ್ತೆಯ ಎದುರು ಯಾವುದನ್ನು ನುಂಗಬೇಕು, ಗೆಳತಿಯರಷ್ಟೇ ಇದ್ದಾಗ ಯಾವುದನ್ನು ಬಿಚ್ಚಬೇಕು ಎಂದು ಆ ಗಳಿಗೆಯಲ್ಲೇ ತೀರ್ಮಾನಿಸುತ್ತಾಳೆ. ಅವಳು ಕವಿ, ಸಂಪಾದಕಿಯೂ ಅವಳೇ. ಹಾಡು ಅಚ್ಚಿಗೆ ಹೋದಾಗ ಅವಳು ಕಳೆದುಕೊಂಡದ್ದರಲ್ಲಿ ಹೆಸರಿಗಿಂತ ಈ ಅಧಿಕಾರ ದೊಡ್ಡದು. 1931ರಲ್ಲಿ ಹಲಸಂಗಿ ಗೆಳೆಯರು ಅಪಾರ ಪ್ರೀತಿಯಿಂದ ಹೊರತಂದ ಸಂಕಲನಕ್ಕೆ ‘ಗರತಿಯ ಹಾಡು’ ಎಂದು ಹೆಸರಿಟ್ಟರು. ಹಾಡಿದವರು ತಮ್ಮನ್ನು ಗರತಿಯರೆಂದೇ ಕರೆದುಕೊಳ್ಳುತ್ತಿದ್ದರೇನೋ. ಆ ತೀರ್ಮಾನ ಅವರದಾಗಿರಲಿಲ್ಲ ಎಂಬುದೇ ನನ್ನ ತಕರಾರು.

ಈ ಅಧಿಕಾರವನ್ನು ಅಚ್ಚಿನ ಲೋಕದಲ್ಲಿ ಮರಳಿ ಪಡೆದವರು ನಂಜನಗೂಡು ತಿರುಮಲಾಂಬ. ಬಾಲವಿಧವೆಯಾಗಿದ್ದ ಅವರು 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆ ಆರಂಭಿಸಿ ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿದರು, ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿದರು. ವರ್ಜೀನಿಯಾ ವುಲ್ಫ್ ಗಂಡನೊಡನೆ ಹೊಗಾರ್ತ್ ಪ್ರೆಸ್ ಶುರುಮಾಡಿದ್ದು ಅವರಿಗಿಂತ ತಡವಾಗಿ, 1917ರಲ್ಲಿ. ದೆಹಲಿಯಲ್ಲಿ ಸ್ತ್ರೀವಾದಿ ಪ್ರಕಾಶನ ಕಾಳಿ ಫಾರ್ ವಿಮೆನ್ ಹುಟ್ಟಿದ್ದು 1984ರಲ್ಲಿ. ತಿರುಮಲಾಂಬ ಪತಿವ್ರತಾಧರ್ಮದ ಗೆರೆ ದಾಟಲಿಲ್ಲ, ಮಾಲೆಯ ಹೆಸರಲ್ಲೇ ಸತಿ ಇದ್ದಾಳೆ ಎನ್ನುವವರಿದ್ದಾರೆ. ಆದರೂ ಅವರನ್ನು ಸ್ತ್ರೀವಾದಿ ಪ್ರಕಾಶನದ ಮೊದಲಿಗರೆನ್ನಲು ನಾನು ಹಿಂಜರಿಯುವುದಿಲ್ಲ. ಏನು ಬರೆದರು ಎಂಬುದರ ಜೊತೆಗೆ, ಏನು ಅಚ್ಚಾಗಬೇಕೆಂದು ಯಾರು ನಿರ್ಧರಿಸಿದರು ಎಂಬುದೂ ಲೆಕ್ಕಕ್ಕೆ ಬರಬೇಕು. ಮುಂದೆ ಬೆಂಗಳೂರಿನಲ್ಲಿ ಡಾ. ವಿಜಯಾ ‘ಇಳಾ’ ಪ್ರಕಾಶನ ಕಟ್ಟಿದರು. ಅವರ ಆತ್ಮಕಥೆ ‘ಕುದಿ ಎಸರು’ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದನ್ನು ಎಲ್ಲರೂ ಬಲ್ಲರು. ಮುದ್ರಣ, ಪ್ರಕಾಶನದಲ್ಲಿ ಅವರು ಸವೆಸಿದ ವರ್ಷಗಳನ್ನು ನೆನೆಯುವವರು ಕಡಿಮೆ.

ಕಾವ್ಯಕ್ಕೆ ಗಂಡು ಹೆಣ್ಣೆಂಬ ಭೇದವೇಕೆ, ಒಳ್ಳೆಯದು ತಾನಾಗಿ ಉಳಿಯುತ್ತದೆ ಎಂಬ ಮಾತನ್ನು ಗೌರವದಿಂದಲೇ ತಳ್ಳಿಹಾಕುತ್ತೇನೆ. ಯಾವುದೂ ತಾನಾಗಿ ಉಳಿಯುವುದಿಲ್ಲ. ಯಾರೋ ಆರಿಸುತ್ತಾರೆ, ಯಾರೋ ದುಡ್ಡು ಹಾಕುತ್ತಾರೆ. ಕವಿತೆ ಮಾರಾಟವಾಗದೆಂದು ಪ್ರಕಾಶಕರು ಕೈಚೆಲ್ಲಿದಾಗ ಕೈಯಲ್ಲಿ ಸ್ವಂತ ಸಂಪಾದನೆ ಇಲ್ಲದವಳ ನೋಟ್‌ಬುಕ್ ಬೀರುವಿನಲ್ಲೇ ಉಳಿಯುತ್ತದೆ. ರೇಷ್ಮೆ ನೂಲು ತೆಗೆಯುವ ಘಟಕಗಳಲ್ಲಿ ಬಿಸಿನೀರಿಗೆ ಬೆರಳೊಡ್ಡುವ ಹೆಂಗಸರ ಕವಿತೆ ಅಷ್ಟು ದೂರವೂ ಬರುವುದಿಲ್ಲ.

ಆದ್ದರಿಂದ ಚನ್ನಪಟ್ಟಣ, ಕನಕಪುರ, ಮಾಗಡಿ, ರಾಮನಗರದ ಬರೆಯುವ ಹೆಣ್ಣುಮಕ್ಕಳಲ್ಲಿ ಒಂದು ಕೇಳಿಕೆ. ನಾಲ್ಕೈದು ಜನ ಕೂಡಿ, ಇನ್ನೂರೇ ಪ್ರತಿಯಾದರೂ ಸರಿ, ನಿಮ್ಮದೇ ಪ್ರಕಾಶನದಿಂದ ಪುಸ್ತಕ ತನ್ನಿ. ಬರೆಯಲು ಬಾರದ ಹಾಡುಗಾರ್ತಿಯನ್ನೂ ಜೊತೆಗೆ ಕೂರಿಸಿಕೊಂಡು, ಯಾವ ಹಾಡು ಸೇರಬೇಕು, ಯಾವುದು ಬೇಡ ಎಂದು ಅವಳನ್ನೇ ಕೇಳಿ. ಮುಖಪುಟದಲ್ಲಿ ಅವಳ ಹೆಸರು ಹಾಕಿ. ಊರಿನ ಗ್ರಂಥಾಲಯಗಳು ಆ ಪುಸ್ತಕವನ್ನು ದುಡ್ಡು ಕೊಟ್ಟು ಕೊಳ್ಳಲಿ.