ಕೆಂಪಾದ ನಾಲಿಗೆ

ಭೀಮರಾಯನಗುಡಿ ಕ್ಯಾಂಪಿನಲ್ಲಿ ಮೊನ್ನೆ ಸಂಜೆ ಗೋಬಿ ಬಂಡಿಯ ಮುಂದೆ ನಿಂತಿದ್ದೆ. ಬಾಣಲೆಯಿಂದ ತಟ್ಟೆಗೆ ಬಂದದ್ದು ಕಂದು ಬಣ್ಣದ ಗೋಬಿ. ಪಕ್ಕದಲ್ಲಿದ್ದ ಹುಡುಗ ಮುಖ ಸಿಂಡರಿಸಿ, "ಕೆಂಪಂದು ಕೊಡ್ರಿ ಕಾಕಾ" ಅಂದ. ಬಂಡಿಯವರು ನನ್ನ ಕಡೆ ತಿರುಗಿ, "ನೋಡ್ರಿ ಅಕ್ಕಾರ, ಕಲರ್ ಹಾಕಿದ್ರ ಸರಕಾರ ಬಿಡಂಗಿಲ್ಲ, ಹಾಕಲಿಲ್ಲಂದ್ರ ಹುಡುಗ್ರು ಬಿಡಂಗಿಲ್ಲ" ಅಂದರು.

ಕೃತಕ ಬಣ್ಣ ಹಾಕಬಾರದೆಂಬ ಸರಕಾರದ ಆದೇಶ ಬಂದದ್ದು 2024ರ ಮಾರ್ಚ್ 11ಕ್ಕೆ. ರಾಜ್ಯದಲ್ಲಿ ಪರೀಕ್ಷೆಗೆ ಒಯ್ದ 171 ಗೋಬಿ ಮಾದರಿಗಳಲ್ಲಿ 107 ತಿನ್ನಲು ಯೋಗ್ಯವಲ್ಲವೆಂದು ಗೊತ್ತಾಗಿತ್ತು. ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೊ, ಕಾರ್ಮೋಸಿನ್ ಅವುಗಳಲ್ಲಿದ್ದವು. ಬಾಂಬೆ ಮಿಠಾಯಿಯ 25 ಮಾದರಿಗಳಲ್ಲಿ 15ರದ್ದೂ ಅದೇ ಕಥೆ; ಅದಕ್ಕೆ ಬೆರೆಸಿದ್ದ ರೊಡಮೈನ್-ಬಿ ಅಂತೂ ಬಟ್ಟೆಗೆ ಹಾಕುವ ಬಣ್ಣ. ಜೂನ್‌ನಲ್ಲಿ ಕಬಾಬ್‌ನ ಬಣ್ಣಕ್ಕೂ ತಡೆ ಬಿತ್ತು. ಆಗ ಎಲ್ಲರ ಬಾಯಲ್ಲೂ ಕ್ಯಾನ್ಸರಿನ ಮಾತೇ ಇತ್ತು. ಮಕ್ಕಳ ಮನಸ್ಸಿನ ಮಾತು ಅಷ್ಟಾಗಿ ಬರಲಿಲ್ಲ.

ನಾನು ಪಾಠ ಹೇಳುವವಳು. ನನ್ನ ತರಗತಿಯಲ್ಲೊಬ್ಬ ಹುಡುಗ ಬಿಡುವು ಮುಗಿದ ಮೇಲೆ ಕೂತಲ್ಲಿ ಕೂರುವುದಿಲ್ಲ. ಎಷ್ಟೋ ಸಲ ಬೈದಿದ್ದೇನೆ. ಅವನ ನಾಲಿಗೆ ಕೆಂಪಾಗಿರುವುದನ್ನು ಗಮನಿಸಿದ್ದು ಈ ವರ್ಷ.

ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮೂರು ವರ್ಷದ 153, ಎಂಟೊಂಬತ್ತು ವರ್ಷದ 144 ಮಕ್ಕಳಿಗೆ ಕೆಲವು ವಾರ ಪಾನೀಯ ಕುಡಿಸಿದರು. ಯಾವ ವಾರದ್ದರಲ್ಲಿ ಬಣ್ಣವಿದೆ, ಯಾವುದರಲ್ಲಿಲ್ಲ ಎಂಬುದು ಮಕ್ಕಳಿಗೂ ತಿಳಿಯದು, ತಂದೆತಾಯಿಗೂ ತಿಳಿಯದು. ಬಣ್ಣದ ಜೊತೆ ಸೋಡಿಯಂ ಬೆಂಜೊಯೇಟ್ ಎಂಬ ಸಂರಕ್ಷಕವೂ ಇತ್ತು. ಬಣ್ಣದ ಪಾನೀಯ ಕುಡಿದ ವಾರಗಳಲ್ಲಿ ಚಡಪಡಿಕೆ ಹೆಚ್ಚಿತು, ಗಮನ ಚದುರಿತು. ಪರಿಣಾಮ ಸರಾಸರಿಯಲ್ಲಿ ಸಣ್ಣದು. ಎಲ್ಲ ಮಕ್ಕಳಿಗೂ ಒಂದೇ ತೆರನಲ್ಲ, ಕೆಲವರಿಗೆ ಹೆಚ್ಚು ತಟ್ಟಿತು. ಪ್ರತಿ ತುಂಟತನಕ್ಕೂ ಬಣ್ಣವೇ ಕಾರಣವೆಂದು ಹೇಳಲಾಗದು. ಆದರೂ ಯುರೋಪಿನಲ್ಲಿ 2010ರ ಜುಲೈನಿಂದ ಅಂಥ ಆರು ಬಣ್ಣಗಳಲ್ಲಿ ಯಾವುದಿದ್ದರೂ ಪೊಟ್ಟಣದ ಮೇಲೆ, ಮಕ್ಕಳ ಚಟುವಟಿಕೆ ಹಾಗೂ ಗಮನಕ್ಕೆ ತೊಂದರೆಯಾಗಬಹುದೆಂದು ಅಚ್ಚು ಹಾಕಲೇಬೇಕು. ನಮ್ಮಲ್ಲಿ ಅವುಗಳಲ್ಲಿ ಕೆಲವು ಬಣ್ಣಗಳು ಬಿಸ್ಕಿಟು, ಪೆಪ್ಪರಮೆಂಟು, ತಂಪು ಪಾನೀಯಗಳಲ್ಲಿ ಮಿತಿಯೊಳಗೆ ಕಾನೂನುಬದ್ಧ. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ 102, 110, 122, 124 ಎಂದಿದ್ದರೆ ಅವೇ. ಆ ಅಂಕಿಗಳ ಅರ್ಥ ಯಾವ ತಾಯಿಗೆ ತಿಳಿದೀತು? ಇಲ್ಲೂ ಎಚ್ಚರಿಕೆಯನ್ನು ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಬರೆಯಬೇಕೆಂದು ನಾನು ಗಟ್ಟಿಯಾಗಿ ಕೇಳುತ್ತೇನೆ.

ನಮ್ಮ ಶಹಾಪುರ, ಸುರಪುರದ ಹೊಲಗಳಲ್ಲಿ ಕಾಲುವೆ ನೀರಿಗೆ ಮೆಣಸಿನಕಾಯಿ ಬೆಳೆಯುತ್ತೇವೆ. ಸುಗ್ಗಿಯಲ್ಲಿ ಕಣಗಳೆಲ್ಲ ಕೆಂಪು. ಇಂಥ ಊರಿನ ಮಗುವಿಗೆ ಕೆಂಪೆಂದರೆ ಪೊಟ್ಟಣದ ಪುಡಿ ಆಗಿಹೋದದ್ದು ಕಂಡು ಕರುಳು ಚುರ್‌ ಅನ್ನುತ್ತದೆ.

ತರಗತಿಯ ಆ ಹುಡುಗನ ತಾಯಿಯನ್ನು ಕರೆಸಿ, ಹದಿನೈದು ದಿನ ಅವನು ಏನು ತಿಂದ, ಹೇಗೆ ಮಲಗಿದ ಎಂದು ಬರೆದಿಡಲು ಕೇಳಿದೆ. "ನನಗ ಬರಿಯಾಕ ಬರಂಗಿಲ್ರಿ, ಮಗಳ ಕೈಲೆ ಬರಸ್ತೀನಿ" ಅಂದಳು. ಇವತ್ತು ಪಟ್ಟಿ ಬಂತು. ಅಕ್ಕನ ದುಂಡು ಅಕ್ಷರದಲ್ಲಿ ಮೊದಲ ಸಾಲು: ಸೋಮವಾರ, ಕೆಂಪು ಐಸ್ ಎರಡು.