ಬರಿದಾದ ಕವಚ

ದೇಶಾಟನೆಗೆ ಹೊರಟವರು ದೇವಾಲಯ, ಅರಮನೆ, ಚಿತ್ರಶಾಲೆಗಳನ್ನು ನೋಡುವಂತೆಯೇ ಪುರಾತನ ಆಯುಧಗಳ ಸಂಗ್ರಹಾಲಯಗಳನ್ನೂ ನೋಡುವುದುಂಟು. ಅಲ್ಲಿ ಕತ್ತಿ, ಕಠಾರಿ, ಶಿರಸ್ತ್ರಾಣ, ಕವಚಗಳ ಮುಂದೆ ನಿಂತು ಅವುಗಳ ಛಾಯಾಚಿತ್ರವನ್ನು ತೆಗೆದುಕೊಳ್ಳದೆ ಮರಳುವವರು ಈಗ ವಿರಳ. ಚಿತ್ರ ತೆಗೆಯುವ ಯಂತ್ರವು ಪ್ರತಿಯೊಬ್ಬನ ಜೇಬಿನ ಮೊಬೈಲಿನಲ್ಲಿಯೇ ಅಡಗಿರುವ ಈ ಕಾಲದಲ್ಲಿ ಅದಕ್ಕೆ ಶ್ರಮವೂ ಇಲ್ಲ, ವೆಚ್ಚವೂ ಇಲ್ಲ. ಶ್ರಮವಿಲ್ಲದ ಕೆಲಸದ ವಿಷಯದಲ್ಲಿ ಮನುಷ್ಯನು ವಿಚಾರ ಮಾಡುವುದೂ ಕಡಿಮೆ. ಆದರೆ ಇಲ್ಲಿ ವಿಚಾರಕ್ಕೆ ತಕ್ಕ ಪ್ರಶ್ನೆಯೊಂದುಂಟು. ಮನುಷ್ಯನನ್ನು ಕೊಲ್ಲುವುದಕ್ಕೆಂದು, ಅಥವಾ ಕೊಲ್ಲುವಾಗ ತಾನು ಸಾಯದಿರುವುದಕ್ಕೆಂದು ಮಾಡಿದ ವಸ್ತುವನ್ನು ಕಂಡು ‘ಎಷ್ಟು ಚೆಲುವು!’ ಎಂದು ಮೆಚ್ಚಿ, ಆ ಚೆಲುವನ್ನು ಚಿತ್ರವಾಗಿ ಮನೆಗೆ ಒಯ್ಯುವುದು ಉಚಿತವೆ?

ಈ ಪ್ರಶ್ನೆಗೆ ಎರಡು ಉತ್ತರಗಳು ಒಡನೆಯೇ ದೊರೆಯುತ್ತವೆ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವನು, ಕೊಲೆಯ ಉಪಕರಣದಲ್ಲಿ ಸೌಂದರ್ಯವನ್ನು ಹುಡುಕುವುದೇ ಮನಸ್ಸಿನ ರೋಗವೆನ್ನುವನು. ಕಲಾಭಿಮಾನಿಯಾದವನು, ಕಮ್ಮಾರನ ಕೌಶಲವು ಕೌಶಲವೇ ಸರಿ, ಅದನ್ನು ಯಾರು ಯಾವುದಕ್ಕೆ ಬಳಸಿದರೆಂಬುದು ಬೇರೆ ಮಾತು ಎನ್ನುವನು. ಎರಡರಲ್ಲಿಯೂ ಸತ್ಯಾಂಶವಿದೆ, ಯಾವುದೊಂದೂ ಪೂರ್ಣವಲ್ಲ. ಮೊದಲನೆಯವನ ಮಾತನ್ನು ಒಪ್ಪಿದರೆ, ಮಹಾನವಮಿಯ ದಿನ ಆಯುಧಕ್ಕೆ ಅರಿಸಿನ ಕುಂಕುಮವಿಟ್ಟು ಕೈಮುಗಿಯುವ ಮನೆಗಳನ್ನೆಲ್ಲ ದೂಷಿಸಬೇಕಾದೀತು. ಎರಡನೆಯವನ ಮಾತಿಗೆ ಸ್ವತಃ ಆ ಆಯುಧಗಳೇ ಒಪ್ಪಲಾರವು. ಎದೆಕವಚದ ನಡುವೆ ಎದ್ದು ನಿಂತ ಏಣನ್ನು ಕಮ್ಮಾರನು ಕಣ್ಣಿಗೆ ಅಂದವೆಂದಷ್ಟೇ ಎಬ್ಬಿಸಲಿಲ್ಲ; ಬರುವ ಭಲ್ಲೆಯ ಮೊನೆಯು ಜಾರಿ ಪಕ್ಕಕ್ಕೆ ಹೋಗಲೆಂದು ಎಬ್ಬಿಸಿದನು. ತಗಡಿನ ಮೇಲೆ ನೆರಿಗೆಯಂತೆ ಹರಿದ ಗೆರೆಗಳು ತೆಳುವಾದ ಉಕ್ಕಿಗೆ ಬಿಗಿಯನ್ನು ಕೊಡುತ್ತವೆ. ಹೀಗಿರಲು, ಆ ಬಾಗನ್ನು ಮೆಚ್ಚಿದವನು ತಿಳಿದೋ ತಿಳಿಯದೆಯೋ ಎದುರಿನಿಂದ ಬರುತ್ತಿರುವ ಭಲ್ಲೆಯನ್ನೂ ತನ್ನ ಮೆಚ್ಚಿಕೆಯೊಳಗೆ ಸೇರಿಸಿಕೊಂಡಿರುತ್ತಾನೆ. ಚೆಲುವನ್ನು ಪ್ರಯೋಜನದಿಂದ ಬೇರ್ಪಡಿಸುವುದು ಇಲ್ಲಿ ಸಾಧ್ಯವಿಲ್ಲ.

ಆದುದರಿಂದ ಮೆಚ್ಚುವುದು ತಪ್ಪೋ ಸರಿಯೋ ಎಂಬುದಕ್ಕಿಂತ, ಮೆಚ್ಚಿದ ವಸ್ತುವಿನ ಚಿತ್ರದಲ್ಲಿ ಯಾರು ಉಳಿಯುತ್ತಾರೆ, ಯಾರು ಬಿಟ್ಟುಹೋಗುತ್ತಾರೆ ಎಂದು ಕೇಳುವುದು ಹೆಚ್ಚು ಉಪಯುಕ್ತವಾದೀತು.

ವಿಯೆನ್ನಾ ನಗರದ ಹೋಫ್‌ಬುರ್ಗ್ ಅರಮನೆಯ ಹೊಸ ಭಾಗದಲ್ಲಿ ಹಿಂದಿನ ಚಕ್ರವರ್ತಿಗಳ ಆಯುಧಶಾಲೆಯಿದೆ. ಆಗ್ಸ್‌ಬುರ್ಗಿನ ಪ್ರಸಿದ್ಧ ಕವಚಕಾರ ಲೊರೆಂಜ್ ಹೆಲ್ಮ್‌ಶ್ಮಿಡ್ ಎಂಬವನು ಸುಮಾರು 1480ರಲ್ಲಿ ಒಂದನೆಯ ಮ್ಯಾಕ್ಸಿಮಿಲಿಯನನಿಗೆ ಮಾಡಿಕೊಟ್ಟ ಕವಚವು ಅಲ್ಲಿದೆ. ಸಣ್ಣ ನಡು, ನೀಳವಾದ ಕಾಲು, ಬೀಸಣಿಗೆಯಂತೆ ಹರಡಿದ ಗೆರೆಗಳು: ಅದನ್ನು ನೋಡಿದವನ ಕೈ ತಾನಾಗಿಯೇ ಕ್ಯಾಮೆರಾದ ಕಡೆಗೆ ಹೋದರೆ ಆಶ್ಚರ್ಯವಿಲ್ಲ. ಈ ಸಂಗ್ರಹದ ಒಂದು ದೊಡ್ಡ ಭಾಗವು 1806ರಲ್ಲಿ ಇನ್ಸ್‌ಬ್ರುಕ್ ಸಮೀಪದ ಆಂಬ್ರಾಸ್ ದುರ್ಗದಿಂದ ಬಂದದ್ದು. ಆ ದುರ್ಗದಲ್ಲಿ ಅದನ್ನು ಕೂಡಿಸಿದವನು ಆರ್ಚ್‌ಡ್ಯೂಕ್ ಎರಡನೆಯ ಫರ್ಡಿನಾಂಡ್ (1529–1595). ಪ್ರಖ್ಯಾತ ಸೇನಾನಿಗಳ ಕವಚವನ್ನು ಬೇಡಿ ತರಿಸುವಾಗ ಅವನು ಅವರ ಭಾವಚಿತ್ರವನ್ನೂ ಬೇಡುತ್ತಿದ್ದನು. ಅವನ ಕಾರ್ಯದರ್ಶಿ ಯಾಕೋಬ್ ಶ್ರೆಂಕ್ ಸಿದ್ಧಪಡಿಸಿದ ಗ್ರಂಥವು 1601ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಅಚ್ಚಾಯಿತು. ಅದರಲ್ಲಿ ನೂರಕ್ಕೂ ಮಿಕ್ಕ ವೀರರ ಚಿತ್ರಗಳಿವೆ; ಒಬ್ಬೊಬ್ಬನೂ ತನ್ನ ಕವಚವನ್ನು ತೊಟ್ಟು ನಿಂತಿದ್ದಾನೆ, ಜೊತೆಗೆ ಅವನ ಚರಿತ್ರೆಯೂ ಇದೆ. ವಸ್ತುಸಂಗ್ರಹವೊಂದರ ಚಿತ್ರಸಹಿತವಾದ ಪಟ್ಟಿಗಳಲ್ಲಿ ಇದು ಅತ್ಯಂತ ಹಳೆಯವುಗಳ ಸಾಲಿಗೆ ಸೇರುತ್ತದೆ.

ಆ ಗ್ರಂಥದ ಚಿತ್ರಕ್ಕೂ ಇಂದಿನ ಯಾತ್ರಿಕನ ಛಾಯಾಚಿತ್ರಕ್ಕೂ ಇರುವ ಭೇದವನ್ನು ವಾಚಕರು ಗಮನಿಸಬೇಕು. ಚಿತ್ರಕಾರನ ಗೆರೆ ಒರಟು. ಉಕ್ಕಿನ ಹೊಳಪನ್ನು ಅದು ತೋರಿಸಲಾರದು. ಆದರೆ ಅಲ್ಲಿ ಕವಚದೊಳಗೆ ಮನುಷ್ಯನಿದ್ದಾನೆ. ಛಾಯಾಚಿತ್ರದಲ್ಲಿ ಪ್ರತಿಯೊಂದು ಮೊಳೆಯೂ ಸ್ಪಷ್ಟ. ಆದರೆ ಕಣ್ಣಿನ ಕಂಡಿಯ ಹಿಂದೆ ಕಣ್ಣಿಲ್ಲ, ಕತ್ತಲೆಯಿದೆ. ಯಂತ್ರವು ಎದುರಿಗಿದ್ದುದನ್ನೇ ಹಿಡಿಯುತ್ತದೆ. ಅದರ ಮೇಲೆ ದೋಷವಿಲ್ಲ. ಆದರೆ ಎದುರಿಗಿರುವುದು ಮಾಡಿದವನ ಕೈಚಳಕ ಮತ್ತು ಮಾಡಿಸಿದವನ ಸಿರಿವಂತಿಕೆ, ಇವೆರಡೇ. ತೊಟ್ಟು ಬೆವೆತವನೂ, ಆ ಕತ್ತಿಗೆ ತಲೆಯೊಡ್ಡಿದವನೂ ಎದುರಿಗಿಲ್ಲ. ಆದಕಾರಣ ಆಯುಧದ ಚಿತ್ರವು, ತೆಗೆದವನು ಬಯಸದಿದ್ದರೂ, ಗೆದ್ದವನ ಪಕ್ಷವನ್ನು ವಹಿಸುತ್ತದೆ.

ಅಷ್ಟೇ ಅಲ್ಲದೆ, ಕಣ್ಣಿಗೆ ಕಂಡುದನ್ನು ಹಾಗೆಯೇ ನಂಬಿದವನಿಗೆ ಆಯುಧಶಾಲೆಯಲ್ಲಿ ಮೋಸವೂ ಆಗುವುದುಂಟು. ಬೆಳ್ಳಿಯಂತೆ ಹೊಳೆಯುವ ಎಷ್ಟೋ ಕವಚಗಳು ಮೊದಲು ಹಾಗೆ ಹೊಳೆಯುತ್ತಿರಲಿಲ್ಲ. ಕಾಯಿಸಿ ನೀಲಿಬಣ್ಣ ಬರಿಸಿ, ಅಲ್ಲಲ್ಲಿ ಚಿನ್ನದ ನೀರು ಕೊಟ್ಟಿದ್ದ ಮೈಯನ್ನು ಮುಂದಿನ ತಲೆಮಾರಿನವರು ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದರು. ಇನ್ನು ಕೆಲವು ಎದೆಕವಚಗಳ ಮೇಲೆ ಗುಂಡು ತಾಗಿದ ತಗ್ಗೊಂದು ಕಾಣುವುದು. ಯಾತ್ರಿಕನು ಅದನ್ನು ಯುದ್ಧದ ಗಾಯವೆಂದು ಭಾವಿಸಿ, ಮರುಗಿ, ಹತ್ತಿರದಿಂದ ಚಿತ್ರ ತೆಗೆದು ಊರವರಿಗೆ ತೋರಿಸುತ್ತಾನೆ. ಅದು ಬಹುಮಟ್ಟಿಗೆ ಕಮ್ಮಟದಲ್ಲಿ ಆದ ಗುರುತು. ಬಂದೂಕುಗಳು ಬಳಕೆಗೆ ಬಂದಮೇಲೆ ಕವಚಕಾರನು ತನ್ನ ಸರಕಿನ ಮೇಲೆ ತಾನೇ ಗುಂಡು ಹಾರಿಸಿ, ತಗಡು ತಡೆಯಿತೆಂಬುದಕ್ಕೆ ಸಾಕ್ಷಿಯಾಗಿ ಆ ತಗ್ಗನ್ನು ಹಾಗೆಯೇ ಬಿಡುತ್ತಿದ್ದನು. ಮರುಕವು ಒಳ್ಳೆಯದೇ, ಆದರೆ ಫಲಕವನ್ನು ಓದದೆ ಪಟ್ಟ ಮರುಕವು ಸತ್ತವನಿಗೆ ಸಲ್ಲುವುದಿಲ್ಲ.

ನಿಜವಾದ ಗಾಯವನ್ನು ಕಾಣಬೇಕಾದರೆ ಪ್ಯಾರಿಸ್ ನಗರದ ಎನ್ವಲೀಡ್ ಭವನದಲ್ಲಿರುವ ಸೇನಾ ಸಂಗ್ರಹಾಲಯಕ್ಕೆ ಹೋಗಬೇಕು. ಅಲ್ಲಿ ಹೊಂಬಣ್ಣದ ತಗಡು ಹೊದಿಸಿದ ಒಂದು ಎದೆಕವಚವಿದೆ. 1815ನೆಯ ಇಸವಿ ಜೂನ್ 18ರಂದು, ವಾಟರ್ಲೂ ಕದನದಲ್ಲಿ, ಫಿರಂಗಿಯ ಗುಂಡೊಂದು ಅದರ ಮುಂಭಾಗವನ್ನು ಸೀಳಿಕೊಂಡು ಹೊಕ್ಕು ಬೆನ್ನಿನ ತಗಡನ್ನು ಹರಿದುಕೊಂಡು ಹೊರಟುಹೋಯಿತು. ಅದನ್ನು ತೊಟ್ಟಿದ್ದವನು ಆಂಟ್ವಾನ್ ಫೋವೋ ಎಂಬ 23 ವರ್ಷದ ಅಶ್ವಸೈನಿಕ. ಆ ರಂಧ್ರದೊಳಗಿಂದ ನೋಡಿದರೆ ಹಿಂದಿನ ಗೋಡೆ ಕಾಣುತ್ತದೆ. ಅಲ್ಲಿ ಕೆತ್ತನೆಯನ್ನಾಗಲಿ ಹೊಳಪನ್ನಾಗಲಿ ಯಾರೂ ಹೊಗಳುವುದಿಲ್ಲ. ಚಿತ್ರ ತೆಗೆಯುವವರು ಅಲ್ಲಿಯೂ ತೆಗೆಯುತ್ತಾರೆ. ಆದರೆ ಆ ಚಿತ್ರದಲ್ಲಿ ಕವಚವು ಬರಿದಾಗಿಲ್ಲ.

ಇದಕ್ಕಿಂತಲೂ ಕಠಿನವಾದ ನೋಟವು ಸ್ವೀಡನ್ ದೇಶದಲ್ಲಿದೆ. ಗಾಟ್‌ಲಂಡ್ ದ್ವೀಪದ ವಿಸ್ಬಿ ನಗರದ ಗೋಡೆಯ ಹೊರಗೆ, 1361ನೆಯ ಜುಲೈ 27ರಂದು, ಡೆನ್ಮಾರ್ಕಿನ ದೊರೆ ನಾಲ್ಕನೆಯ ವಾಲ್ಡೆಮಾರನ ಸೈನ್ಯವು ದ್ವೀಪದ ರೈತರ ಪಡೆಯನ್ನು ಕಡಿದುಹಾಕಿತು. ಸತ್ತವರನ್ನು ದೊಡ್ಡ ಗುಂಡಿಗಳಲ್ಲಿ ಒಟ್ಟಿಗೆ ಹೂಳಿದರು. ಲೋಹಕ್ಕೆ ಬೆಲೆಯಿದ್ದ ಆ ಕಾಲದಲ್ಲಿ ಹೆಣದ ಮೈಮೇಲಿನ ಕವಚವನ್ನು ಬಿಚ್ಚಿಕೊಳ್ಳುವುದೇ ವಾಡಿಕೆ. ಬೇಸಗೆಯ ಬಿಸಿಲಿಗೆ ಹೆಣಗಳು ಬೇಗ ಕೆಟ್ಟುದರಿಂದ ಅನೇಕರನ್ನು ತೊಟ್ಟಂತೆಯೇ ಹೂಳಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. 1905ರಿಂದ 1930ರ ವರೆಗೆ ಬೇರೆ ಬೇರೆ ವರ್ಷಗಳಲ್ಲಿ ಅಗೆದಾಗ ಸಾವಿರಕ್ಕೂ ಮಿಕ್ಕ ದೇಹಗಳ ಅಸ್ಥಿಗಳು ದೊರೆತುವು. ಅವುಗಳಲ್ಲಿ ಮೀಸೆ ಮೂಡದ ಹುಡುಗರೂ ಇದ್ದರು, ಮುದುಕರೂ ಇದ್ದರು. ಕಬ್ಬಿಣದ ಸಣ್ಣ ಬಳೆಗಳನ್ನು ಹೆಣೆದು ಮಾಡಿದ ತಲೆಗವಸು ಇನ್ನೂ ಅಂಟಿಕೊಂಡಿರುವ ತಲೆಬುರುಡೆಗಳನ್ನು ವಿಸ್ಬಿಯಲ್ಲಿಯೂ ಸ್ಟಾಕ್‌ಹೋಮಿನಲ್ಲಿಯೂ ಪ್ರದರ್ಶನಕ್ಕೆ ಇಟ್ಟಿದ್ದಾರೆ.

ಆ ಬುರುಡೆಯ ಮುಂದೆ ಬಂದ ಯಾತ್ರಿಕನ ಕೈ ಒಂದು ಕ್ಷಣ ತಡೆಯುತ್ತದೆ. ತೆಗೆಯಬಹುದೆ, ಬಾರದೆ? ಈತನ ಮಕ್ಕಳು ಇದನ್ನು ಒಪ್ಪುತ್ತಿದ್ದರೆ? ಕೆಲವರು ತೆಗೆಯದೆ ಮುಂದಕ್ಕೆ ಹೋಗುತ್ತಾರೆ; ಕೆಲವರು ತೆಗೆದರೂ ಯಾರಿಗೂ ತೋರಿಸುವುದಿಲ್ಲ. ಆ ತಡೆಯನ್ನು ಯಾವ ನಿಯಮವೂ ವಿಧಿಸಿದ್ದಲ್ಲ. ಅದು ವಿವೇಕವು ಎಚ್ಚತ್ತ ಗುರುತು. ಇಲ್ಲಿ ಕೇಳಬೇಕಾದ ಮಾತೆಂದರೆ, ಅದೇ ಕೈ ವಿಯೆನ್ನಾದಲ್ಲಿ ಏಕೆ ತಡೆಯಲಿಲ್ಲ? ಅಲ್ಲಿಯ ಕವಚದೊಳಗೂ ಒಂದು ತಲೆ ಇತ್ತು. ಅಲ್ಲಿಯ ಕತ್ತಿಯ ಎದುರಿಗೂ ಒಂದು ತಲೆ ಇದ್ದಿರಬಹುದು. ಇದ್ದ ತಲೆಯನ್ನು ಕಾಲವು ಸರಿಸಿಬಿಟ್ಟಿತೆಂಬ ಮಾತ್ರಕ್ಕೆ ಮರ್ಯಾದೆಯೂ ಸರಿದುಹೋಗಬೇಕೆ?

ಕನ್ನಡನಾಡಿನ ಊರೂರ ಹೊರಗೆ ನಿಂತಿರುವ ವೀರಗಲ್ಲುಗಳು ಈ ಪ್ರಶ್ನೆಗೆ ತಮ್ಮದೇ ರೀತಿಯಲ್ಲಿ ಉತ್ತರ ಕೊಟ್ಟಿವೆ. ಕೆಳಗಿನ ಪಟ್ಟಿಯಲ್ಲಿ ವೀರನು ಕಾದುತ್ತಾನೆ. ನಡುವೆ ಅಪ್ಸರೆಯರು ಅವನನ್ನು ಎತ್ತಿ ಒಯ್ಯುತ್ತಾರೆ. ಮೇಲೆ ಅವನು ಶಿವಸನ್ನಿಧಿಯಲ್ಲಿ ಕುಳಿತಿದ್ದಾನೆ. ಹಲವು ಕಲ್ಲುಗಳ ಮೇಲೆ ಅವನ ಹೆಸರೂ, ಯಾರ ದನಗಳನ್ನು ಮರಳಿಸಲು ಹೋಗಿ ಸತ್ತನೆಂಬುದೂ ಬರೆದಿದೆ. ಅವನ ಕತ್ತಿ ಎಂದೋ ತುಕ್ಕು ಹಿಡಿದು ಮಣ್ಣಾಯಿತು; ಮನುಷ್ಯನು ಉಳಿದನು. ಸಂಗ್ರಹಾಲಯದಲ್ಲಿ ಆದದ್ದು ಇದರ ವಿಪರ್ಯಾಸ: ಕತ್ತಿ ಉಳಿಯಿತು, ಮನುಷ್ಯನು ಮಣ್ಣಾದನು.

ಇಲ್ಲಿ ಒಂದು ಆಕ್ಷೇಪಣೆಗೆ ಎಡೆಯುಂಟು. ಫೋವೋನ ಹೆಸರು ತಿಳಿದಿದೆ, ವಿಸ್ಬಿಯವರ ಅಸ್ಥಿ ದೊರೆತಿದೆ. ಆದರೆ ಹೆಚ್ಚಿನ ಆಯುಧಗಳು ಯಾರ ಕೈಯಲ್ಲಿದ್ದುವೆಂಬುದೇ ತಿಳಿಯದಿರುವಾಗ ಯಾತ್ರಿಕನು ಯಾರನ್ನು ನೆನೆಯಬೇಕು? ಆಸ್ಟ್ರಿಯದ ಗ್ರಾಜ್ ನಗರದ ಆಯುಧಾಗಾರವನ್ನು ಹೊಕ್ಕವನಿಗೆ ಈ ಆಕ್ಷೇಪಣೆಯು ಬಲವಾಗಿಯೇ ತೋರುವುದು. 1640ರ ದಶಕದಲ್ಲಿ ಕಟ್ಟಿದ ಆ ಮನೆಯಲ್ಲಿ ಸುಮಾರು 32,000 ವಸ್ತುಗಳಿವೆ. ತುರ್ಕರೊಡನೆ ನಡೆದ ಗಡಿ ಯುದ್ಧಗಳಿಗಾಗಿ ಕೂಡಿಸಿಟ್ಟ ಸರಕು ಅದು. 1749ರಲ್ಲಿ ರಾಣಿ ಮರಿಯಾ ಥೆರೇಸಾ ಅದನ್ನು ಮುಚ್ಚಿಸಲು ಉದ್ದೇಶಿಸಿದಾಗ, ಹಿಂದಿನವರ ಶೌರ್ಯದ ಸ್ಮಾರಕವಾಗಿ ಉಳಿಯಲೆಂದು ಆ ಪ್ರಾಂತದ ಪ್ರಮುಖರು ಬೇಡಿಕೊಂಡು ಉಳಿಸಿಕೊಂಡರು. ಅಲ್ಲಿ ಹೆಚ್ಚಿನವು ಸಾಮಾನ್ಯ ಸಿಪಾಯಿಯ ಕವಚಗಳು: ಸಾಲು ಸಾಲಾಗಿ, ಒಂದರಂತೆ ಒಂದು, ಕೆತ್ತನೆಯಿಲ್ಲದೆ, ಹೆಸರಿಲ್ಲದೆ. ಎರಡನೆಯ ಅಂತಸ್ತಿಗೆ ಏರುವಷ್ಟರಲ್ಲಿ ಎಷ್ಟೋ ಪ್ರೇಕ್ಷಕರು ಬೇಸತ್ತು ಕ್ಯಾಮೆರಾವನ್ನು ಮುಚ್ಚುತ್ತಾರೆ. ಆದರೆ ಆ ಬೇಸರವೇ ಆಕ್ಷೇಪಣೆಗೆ ಸಮಾಧಾನವನ್ನು ಸೂಚಿಸುತ್ತದೆ. ಹೆಸರು ತಿಳಿಯದೆ ಇರುವುದು ಬೇರೆ. ಒಬ್ಬನಿದ್ದನೆಂಬುದನ್ನೇ ಮರೆಯುವುದು ಬೇರೆ. ಒಂದರಂತೆ ಒಂದು ಕಾಣುವುದು ತಗಡುಗಳೇ ಹೊರತು, ಅವನ್ನು ತೊಟ್ಟು ಗಡಿಗೆ ಹೋಗಿ, ಮರಳಿ ಬಂದು ಗೂಟಕ್ಕೆ ತೂಗಿಸಿದವರಲ್ಲ. ಮರಳಿ ಬಾರದವರಂತೂ ಅಲ್ಲವೇ ಅಲ್ಲ.

ಇದರಿಂದ ಯಾತ್ರಿಕನಿಗೆ ಒದಗುವ ಕರ್ತವ್ಯವು ದೊಡ್ಡದೇನೂ ಅಲ್ಲ. ಚಿತ್ರ ತೆಗೆಯುವುದನ್ನು ಅವನು ಬಿಡಬೇಕಾಗಿಲ್ಲ; ನೂರು ಮೈಲಿ ಆಚೆಯ ಮಕ್ಕಳಿಗೆ ಇತಿಹಾಸವನ್ನು ತೋರಿಸಲು ಚಿತ್ರದಂತಹ ಸಾಧನವಿಲ್ಲ. ಮೊದಲು ಸ್ವಲ್ಪ ಹೊತ್ತು ಬರಿಗಣ್ಣಿನಿಂದ ನೋಡಿ, ಆಮೇಲೆ ತೆಗೆಯಲಿ. ವಸ್ತುವಿನ ಜೊತೆಗೆ ಅದರ ಫಲಕದ ಚಿತ್ರವನ್ನೂ ತೆಗೆಯಲಿ. ಎಲ್ಲಿಂದ ಬಂತು, ಯಾರದು, ಹೇಗೆ ಕೈಸೇರಿತು ಎಂಬುದು ಹೊಳಪಿನಷ್ಟೇ ಮುಖ್ಯ. ಮುಂಭಾಗವೊಂದನ್ನೇ ಹಿಡಿಯದೆ, ಅವಕಾಶವಿದ್ದಲ್ಲಿ ಹಿಂಭಾಗವನ್ನೂ ಹಿಡಿಯಲಿ. ಬಿಗಿದು ಕಟ್ಟುವ ಕೊಂಡಿ, ಮೊಣಕೈ ಮಡಚಲೆಂದು ಒಂದರ ಮೇಲೊಂದು ಸರಿಯುವ ತಗಡು, ಉಸಿರಾಡಲೆಂದು ಶಿರಸ್ತ್ರಾಣದಲ್ಲಿ ಕೊರೆದ ರಂಧ್ರಗಳು: ಇವು ಒಳಗಿದ್ದ ದೇಹದ ಅಳತೆಗಳು. ಅವುಗಳ ಚಿತ್ರದಲ್ಲಿ ಮನುಷ್ಯನು ಕಾಣದಿದ್ದರೂ ಅವನ ಸ್ಥಳವು ಕಾಣುತ್ತದೆ. ಕೊಲ್ಲುವ ಕತ್ತಿಯ ಪಕ್ಕದಲ್ಲಿ ನಿಂತು ಹಲ್ಲು ಕಿರಿದು ತನ್ನ ಚಿತ್ರವನ್ನೇ ತೆಗೆದುಕೊಳ್ಳುವ ಚಪಲವನ್ನು ಮಾತ್ರ ಅವನು ಬಿಡಬೇಕು.

ಕಡೆಯದಾಗಿ, ಛಾಯಾಗ್ರಾಹಕರೆಲ್ಲರಿಗೂ ಅನುಭವಕ್ಕೆ ಬಂದ ಒಂದು ಸಂಗತಿಯಿದೆ. ಗಾಜಿನ ಪೆಟ್ಟಿಗೆಯ ಮೇಲೆ ಬೀಳುವ ಪ್ರತಿಬಿಂಬವನ್ನು, ಕ್ಯಾಮೆರಾದ ಕಣ್ಣಿಗೆ ತಕ್ಕ ಶೋಧಕವನ್ನು ತೊಡಿಸಿ ಓರೆಯಾಗಿ ನಿಂತರೆ, ಬಹುಮಟ್ಟಿಗೆ ಕಳೆಯಬಹುದು. ಆದರೆ ಹೊಳೆಯುವ ಉಕ್ಕಿನ ಮೇಲಿನ ಪ್ರತಿಬಿಂಬಕ್ಕೆ ಆ ಶೋಧಕದಿಂದ ಪ್ರಯೋಜನವಿಲ್ಲ. ಎದೆಕವಚದ ನೇರ ಎದುರಿಗೆ ನಿಂತವನ ಆಕಾರವು ಅದರ ನಡುವೆ ಕುಗ್ಗಿ ಬಾಗಿ ಮೂಡಿಯೇ ಮೂಡುತ್ತದೆ. ಚಿತ್ರ ಕೆಟ್ಟಿತೆಂದು ಅವನು ಅತ್ತಿತ್ತ ಸರಿದು ಮತ್ತೆ ಮತ್ತೆ ಯತ್ನಿಸುತ್ತಾನೆ. ಆ ಯತ್ನದ ನಡುವೆ ಒಂದು ಗಳಿಗೆ ಅವನು ಸುಮ್ಮನೆ ನಿಂತು, ಐನೂರು ವರ್ಷಗಳ ಹಿಂದೆ ಯಾವನೋ ಒಬ್ಬನ ಎದೆ ಇದ್ದ ಜಾಗದಲ್ಲಿ ಈಗ ತನ್ನ ಮುಖ ಕಾಣುತ್ತಿದೆಯೆಂಬುದನ್ನು ನೋಡಿಕೊಂಡರೆ, ಆ ಒಂದು ಚಿತ್ರವು ಕೆಟ್ಟರೂ ನಷ್ಟವಿಲ್ಲ.