ದೇವಮಂದಿರವೂ ಮತದಾರರ ಪಟ್ಟಿಯೂ

ಧರ್ಮಸಂಸ್ಥೆಯು ತನ್ನ ಭಕ್ತರಿಗೆ ಮತದಾರರ ಪಟ್ಟಿಯಲ್ಲಿ ಹೆಸರು ನೋಂದಾಯಿಸಿಕೊಳ್ಳಿರೆಂದು ಬೋಧಿಸಬಹುದೇ? ಪೂಜಾಸ್ಥಾನವು ಆತ್ಮೋದ್ಧಾರಕ್ಕೆ ಮೀಸಲಾದುದು, ರಾಜಕಾರಣದ ಧೂಳು ಅದರ ಹೊಸ್ತಿಲನ್ನು ದಾಟಬಾರದು ಎಂಬುದು ಅನೇಕ ಸಜ್ಜನರ ಅಭಿಪ್ರಾಯ. ಅದು ತೂಕವುಳ್ಳ ಮಾತೇ. ಆದರೆ ಹೆಸರು ಬರೆಸುವುದೇ ಪ್ರಾಣಕ್ಕೆ ಸಂಚಕಾರವಾಗಿದ್ದ ಒಂದು ಸೀಮೆಯ ವೃತ್ತಾಂತವನ್ನು ನೋಡಿದ ಮೇಲೆ ಈ ಮಾತನ್ನು ಮತ್ತೆ ತೂಗಬೇಕಾಗುತ್ತದೆ.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಮತದಾರರ ಪಟ್ಟಿಗೆ ಸೇರುವ ಹೊಣೆ ಬಹುಮಟ್ಟಿಗೆ ಪ್ರಜೆಯದೇ. ಆದುದರಿಂದ ದಕ್ಷಿಣದ ರಾಜ್ಯಗಳಲ್ಲಿ ನೋಂದಣಿಯ ಮೇಜೇ ಕಪ್ಪುಜನರನ್ನು ತಡೆಯುವ ಗೋಡೆಯಾಯಿತು. ಬಣ್ಣದ ಕಾರಣದಿಂದ ಮತಾಧಿಕಾರವನ್ನು ನಿರಾಕರಿಸಬಾರದೆಂದು 1870ರಲ್ಲಿಯೇ ಸಂವಿಧಾನಕ್ಕೆ ತಿದ್ದುಪಡಿಯಾಗಿದ್ದಿತು. ಮಿಸಿಸಿಪಿ ರಾಜ್ಯವು ಬಣ್ಣದ ಹೆಸರನ್ನೆತ್ತದೆಯೇ ತಲೆಗಂದಾಯವನ್ನು ವಿಧಿಸಿತು. ರಾಜ್ಯದ ಸಂವಿಧಾನದ ಒಂದು ಕಲಮಿಗೆ ಅರ್ಥ ಬರೆಯಬೇಕೆಂಬ ಪರೀಕ್ಷೆಯನ್ನೂ ಒಡ್ಡಿತು. ಉತ್ತರ ಸರಿಯೋ ತಪ್ಪೋ ಎಂದು ತೀರ್ಮಾನಿಸುವವನು ಬಿಳಿಯ ಅಧಿಕಾರಿ. ಅಧಿಕಾರಿಗೆ ಪರೀಕ್ಷೆ ಇರಲಿಲ್ಲವೆಂಬುದು ಬೇರೆ ಮಾತು!

1962ರ ಆಗಸ್ಟಿನಲ್ಲಿ ಆ ರಾಜ್ಯದ ರೂಲ್‌ವಿಲ್ ಎಂಬ ಊರಿನ ಒಂದು ಚರ್ಚಿನಲ್ಲಿ ಸಭೆ ಸೇರಿತು. ಹತ್ತಿಯ ಹೊಲದಲ್ಲಿ 18 ವರ್ಷ ದುಡಿದಿದ್ದ ಫ್ಯಾನಿ ಲೂ ಹೇಮರ್ ಎಂಬ ತಾಯಿ, ತನ್ನಂಥವರಿಗೂ ಮತದ ಹಕ್ಕಿದೆಯೆಂಬುದನ್ನು ಕೇಳಿದ್ದು ಅಲ್ಲಿಯೇ. ಆ ತಿಂಗಳ 31ರಂದು ಆಕೆ ಇತರ 17 ಮಂದಿಯೊಡನೆ ಬಸ್ಸಿನಲ್ಲಿ ಇಂಡಿಯನೋಲಾಕ್ಕೆ ಹೋಗಿ ಪರೀಕ್ಷೆಗೆ ಕುಳಿತರು, ಉತ್ತೀರ್ಣರಾಗಲಿಲ್ಲ. ಅರ್ಜಿಯನ್ನು ಹಿಂತೆಗೆದುಕೊಳ್ಳದಿದ್ದರೆ ಮನೆ ಬಿಡಬೇಕೆಂದು ಹೊಲದ ಒಡೆಯ ಅದೇ ದಿನ ಅಪ್ಪಣೆಯಿತ್ತನು. ಹೆಸರು ಬರೆಸಲು ಹೋದದ್ದು ನಿಮಗಾಗಿ ಅಲ್ಲ, ನನಗಾಗಿ ಎಂದು ಉತ್ತರಿಸಿ ಆಕೆ ಆ ರಾತ್ರಿಯೇ ಹೊರಬಿದ್ದರು. 1963ರ ಜನವರಿಯಲ್ಲಿ ಪರೀಕ್ಷೆಯೇನೋ ಗೆದ್ದಿತು. ಆದರೆ ಮತ ಹಾಕಲು ಹೋದಾಗ ತಲೆಗಂದಾಯದ ರಶೀದಿಗಳಿಲ್ಲವೆಂದು ತಡೆದರು.

ಇಂಥ ಸಭೆ ಚರ್ಚಿನಲ್ಲಿಯೇ ಏಕೆ ಸೇರಬೇಕಾಯಿತು? ಬಡವನು ದುಡಿಯುವ ಹೊಲ ಒಡೆಯನದು, ವಾಸಿಸುವ ಗುಡಿಸಲೂ ಅವನದೇ, ಶಾಲೆಯ ಆಡಳಿತ ಬಿಳಿಯರ ಕೈಯಲ್ಲಿ. ಬಡವರೇ ಕಾಸುಕಾಸು ಕೂಡಿಸಿ ಕಟ್ಟಿದ ಚರ್ಚೊಂದೇ ಅವರ ಸ್ವಂತದ್ದು. ಅಲ್ಲಿಯೂ ಎಲ್ಲ ಪಾದ್ರಿಗಳು ಬಾಗಿಲು ತೆರೆಯಲಿಲ್ಲ. ಅವರ ಅಂಜಿಕೆಯನ್ನು ದೂರದಲ್ಲಿ ಕುಳಿತು ಹಳಿಯುವುದು ಸುಲಭ. ಮಿಸಿಸಿಪಿಯ ಮೌಂಟ್ ಝಯನ್ ಚರ್ಚು ಈ ಚಳವಳಿಗೆ ಸ್ಥಳವಿತ್ತುದಕ್ಕಾಗಿ 1964ರ ಜೂನ್ 16ರ ರಾತ್ರಿ ಅಲ್ಲಿಯ ಭಕ್ತರಿಗೆ ಏಟು ಬಿದ್ದವು, ಚರ್ಚು ಸುಟ್ಟು ಬೂದಿಯಾಯಿತು. ಅದನ್ನು ವಿಚಾರಿಸಲು ಬಂದ ಮೂವರು ತರುಣರು 21ರಂದು ಕೊಲೆಯಾದರು. 1965ರ ಮತಾಧಿಕಾರ ಕಾಯಿದೆ ಇಂಥ ಬೆಲೆಯ ಮೇಲೆ ಬಂದುದು. ಅದಕ್ಕೆ ಮುಂಚೆ ಆ ರಾಜ್ಯದ ಅರ್ಹ ಕಪ್ಪುಜನರಲ್ಲಿ ನೂರಕ್ಕೆ 7 ಮಂದಿಯೂ ಪಟ್ಟಿಯಲ್ಲಿರಲಿಲ್ಲ. 1967ರ ಹೊತ್ತಿಗೆ ಸುಮಾರು 60 ಮಂದಿ ಇದ್ದರು.

ಹೀಗಿರುವಲ್ಲಿ ಆ ಚರ್ಚುಗಳು ಧರ್ಮದ ಮೇರೆಯನ್ನು ಮೀರಿದವೆನ್ನಲು ಯಾವ ನ್ಯಾಯವಿದೆ? ಮನುಷ್ಯನು ಲೆಕ್ಕಕ್ಕಿಲ್ಲದವನೆಂದು ರಾಜ್ಯವು ಸಾರುತ್ತಿರುವಾಗ, ದೇವರ ಮುಂದೆ ಎಲ್ಲರೂ ಸಮಾನರೆಂದು ಬೋಧಿಸುವ ಪೀಠವು ಸುಮ್ಮನಿದ್ದರೆ ಆ ಮೌನವೂ ರಾಜಕಾರಣವೇ ಆಗುತ್ತದೆ.

ಆದರೂ ಸಜ್ಜನರ ಶಂಕೆ ಪೂರ್ತಿ ಅಳಿಯುವುದಿಲ್ಲ. ಪಟ್ಟಿಗೆ ಹೆಸರು ಸೇರಿಸಿದ ಪಾದ್ರಿಗೆ ಮುಂದಿನ ಭಾನುವಾರ ಉಮೇದುವಾರನ ಹೆಸರನ್ನೂ ಸೂಚಿಸುವ ಆಸೆ ಹುಟ್ಟದೇ? ತೆರಿಗೆಯಿಂದ ವಿನಾಯಿತಿ ಪಡೆದ ಸಂಸ್ಥೆಗಳು ಉಮೇದುವಾರರ ಪರವಾಗಿ ಪ್ರಚಾರ ಮಾಡಬಾರದೆಂದು ಅಲ್ಲಿಯ ಶಾಸನಸಭೆ 1954ರಲ್ಲಿಯೇ ವಿಧಿಸಿತು. ಪಕ್ಷಭೇದವಿಲ್ಲದೆ ಹೆಸರು ಬರೆಸುವುದನ್ನು ತಡೆಯಲಿಲ್ಲ. ಶಾಸನದ ಗೆರೆ ಅಷ್ಟು. ಅಂತರಂಗದ ಗೆರೆಯನ್ನು ಹೇಮರ್ ಅವರ ಉತ್ತರದಲ್ಲಿಯೇ ಕಾಣಬಹುದು. ಅದನ್ನು ಆಕೆ ಹೇಳಿದ್ದು ಒಡೆಯನಿಗೆ; ಆದರೆ ಬಸ್ಸು ಹತ್ತಿಸಿದ ಪಾದ್ರಿಯೇ ಮುಂದೊಂದು ದಿನ ಮತವನ್ನು ಕೇಳಲು ಬಂದಿದ್ದರೆ ಅವನಿಗೂ ಅದೇ ಉತ್ತರ ಸಲ್ಲುತ್ತಿದ್ದಿತು.